ಕಾರವಾರದಿಂದ ಬನವಾಸಿವರೆಗೆ: ತಂಗಿ ಮಗಳು ಸ್ಟ್ಯಾನ್‌ಫರ್ಡಿಗೆ ಹೊರಡೋ ಮುಂಚಿನ ನಾಲ್ಕು ದಿನ

ತಂಗಿ ಮಗಳಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ಯುನಿವರ್ಸಿಟಿಲಿ ಪಿಎಚ್‌ಡಿ ಸೀಟು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಆಮೇಲೆ ಮೇ ಕೊನೆಗೆ ವಿದ್ಯಾರ್ಥಿಗಳ ವೀಸಾ ಸಂದರ್ಶನಕ್ಕೆ ಹೊಸದಾಗಿ ದಿನ ಕೊಡೋದನ್ನೇ ಕೆಲವು ವಾರ ನಿಲ್ಲಿಸಿಬಿಟ್ರು, ಮನೇಲಿ ಯಾರಿಗೂ ಊಟ ಸೇರ್ತಿರ್ಲಿಲ್ಲ. ಅಂತೂ ವೀಸಾ ಕೈಗೆ ಬಂದು ಸೆಪ್ಟೆಂಬರ್‌ಗೆ ಟಿಕೆಟ್ ಆದ್ಮೇಲೆ ಅವಳು ಕೇಳಿದ್ದು ಒಂದೇ, ಮಾವ ಒಂದ್ಸಲ ಕಾರವಾರಕ್ಕೆ ಹೋಗಿ, ಅಲ್ಲಿಂದ ಕಡಲು ಹಿಡ್ಕೊಂಡು ಕುಮಟಾ, ಘಟ್ಟ ಹತ್ತಿ ಅಮ್ಮಮ್ಮನ ಮನೆ, ಇಷ್ಟು ಮಾಡ್ಸು ಅಂತ. ಆಗಸ್ಟ್‌ನಲ್ಲಿ ನಾಲ್ಕು ದಿನ ರಜೆ ಹಾಕಿದೆ.

ಮೊದಲನೇ ದಿನ, ಕಾರವಾರ

ಬೆಂಗಳೂರಿಂದ ರಾತ್ರಿ ಪಂಚಗಂಗಾ ಹತ್ತಿದ್ರೆ ಬೆಳಿಗ್ಗೆ ಕಾರವಾರ. ಹೊನ್ನಾವರದಲ್ಲಿ ಶರಾವತಿ ದಾಟೋವಾಗ ಎಚ್ಚರ ಆಯ್ತು, ಹೊಳೆ ಕೆಂಪಾಗಿ ತುಂಬಿ ಹರೀತಿತ್ತು, ಆಮೇಲೆ ನಿದ್ದೆ ಬರ್ಲಿಲ್ಲ, ಬಾಗಿಲ ಹತ್ರ ಇಬ್ರೂ ನಿಂತ್ಕೊಂಡೇ ಬಂದ್ವಿ. ಸ್ಟೇಷನ್ ಇರೋದು ಶಿರವಾಡದಲ್ಲಿ, ಪೇಟೆಯಿಂದ ಹೊರಗೆ, ರಿಕ್ಷಾದವರು ಕೇಳಿದ್ದು ಕೊಡಬೇಕು ಇಲ್ಲಾ ಮಳೇಲಿ ನಿಲ್ಲಬೇಕು, ಹಾಗಾಗಿ ಮುಂಚೇನೇ ಪರಿಚಯದ ಒಬ್ರಿಗೆ ಹೇಳಿ ನಾಲ್ಕು ದಿನಕ್ಕೆ ಕಾರು ತರಿಸಿದ್ದೆ.

ಪೇಟೇಲಿ ಒಂದು ಸಣ್ಣ ಹೋಟೆಲಲ್ಲಿ ಭಾಜಿ ಪಾವ್ ತಿಂದ್ವಿ. ಗೋವಾ ಹತ್ರ ಅಲ್ವಾ, ಇಲ್ಲಿ ಬೆಳಗಿನ ತಿಂಡಿಗೆ ಪಾವ್ ಸಹಜ. ಗಲ್ಲಾದಲ್ಲಿದ್ದ ಹೆಂಗಸಿಗೆ ಕೂಸಿನ (ನಮ್ಮ ಕಡೆ ಹುಡುಗಿಗೆ ಕೂಸು ಅಂತೀವಿ) ಗುರುತು ಹತ್ತಿತು, ಎರಡು ವರ್ಷ ಇಲ್ಲೇ ಎಮ್ಮೆಸ್ಸಿ ಮಾಡುವಾಗ ದಿನಾ ಇದೇ ಹೋಟೆಲ್ ಅಂತೆ. ‘ಈಗ ಎಲ್ಲಿ ಬಾಯಿ?’ ಅಂದ್ರು. ಕ್ಯಾಲಿಫೋರ್ನಿಯಾಕ್ಕೆ ಓದೋಕೆ ಅಂದಿದ್ದಕ್ಕೆ ‘ಅಲ್ಲೂ ಮೀನೇ?’ ಅಂತ ಕೇಳಿದ್ರು. ಅಲ್ಲೂ ಮೀನೇ.

ಕೋಡಿಬಾಗದಲ್ಲಿ ಕಾಳಿ ಹೊಳೆ ಕಡಲಿಗೆ ಸೇರೋ ಜಾಗದ ಹತ್ರ ಅವಳ ಮರೈನ್ ಬಯಾಲಜಿ ವಿಭಾಗ. ಯುನಿವರ್ಸಿಟಿ ಇರೋದು ಧಾರವಾಡದಲ್ಲಿ, ಈ ಒಂದು ವಿಭಾಗ ಮಾತ್ರ ನೂರೈವತ್ತು ಕಿಲೋಮೀಟರ್ ದೂರ ಕಡಲ ಬುಡದಲ್ಲಿ. ಸಮುದ್ರದ ಜೀವಿ ಓದೋರು ಸಮುದ್ರದ ಹತ್ರಾನೇ ಇರಬೇಕಲ್ಲ. ಅವಳು ಹೋಗ್ತಿರೋ ಜಾಗಾನೂ ಹಾಗೇ ಇದೆ ಅಂತ ಗೊತ್ತಾಗಿದ್ದು ಆವಾಗ. ಸ್ಟ್ಯಾನ್‌ಫರ್ಡ್ ಕ್ಯಾಂಪಸ್ ಇರೋದು ಸ್ಯಾನ್ ಫ್ರಾನ್ಸಿಸ್ಕೋ ದಕ್ಷಿಣಕ್ಕೆ ಪಾಲೊ ಆಲ್ಟೊ ಪಕ್ಕ. ಆದ್ರೆ ಅದರ ಸಾಗರ ಪ್ರಯೋಗಾಲಯ, ಹಾಪ್ಕಿನ್ಸ್ ಮರೈನ್ ಸ್ಟೇಷನ್, ಅಲ್ಲಿಂದ ಸುಮಾರು ನೂರೈವತ್ತು ಕಿಲೋಮೀಟರ್ ಕೆಳಗೆ ಮಾಂಟೆರೆ ಕೊಲ್ಲಿಯ ಪೆಸಿಫಿಕ್ ಗ್ರೋವ್‌ನಲ್ಲಿ. 1892ರಲ್ಲಿ ಶುರುವಾಗಿದ್ದು, ಅಮೆರಿಕದ ಪಶ್ಚಿಮ ಕರಾವಳಿಯ ಮೊದಲ ಸಾಗರ ಪ್ರಯೋಗಾಲಯ ಅದು. ಯುನಿವರ್ಸಿಟಿ ಬಾಗಿಲು ತೆಗೆದಿದ್ದೇ 1891ರ ಅಕ್ಟೋಬರ್ 1ಕ್ಕೆ, ಮರುವರ್ಷವೇ ಕಡಲ ದಂಡೆಗೆ ಬಂದು ಕೂತಿದೆ. ಯಾಕಂದ್ರೆ ಮೊದಲ ಅಧ್ಯಕ್ಷ ಡೇವಿಡ್ ಸ್ಟಾರ್ ಜೋರ್ಡನ್ ಮೀನಿನ ವಿಜ್ಞಾನಿ! ಇದನ್ನ ಹೇಳೋವಾಗ ಕೂಸಿನ ಮುಖ ಅರಳಿತ್ತು. ಆಮೇಲೆ ಅವಳೇ ಹೇಳಿದ್ಲು, ಆ ಮನುಷ್ಯ ಒಳ್ಳೆ ರಕ್ತ ಕೆಟ್ಟ ರಕ್ತ ಅಂತ ಮನುಷ್ಯರನ್ನ ವಿಂಗಡಿಸೋ ವಾದದ ದೊಡ್ಡ ಪ್ರಚಾರಕ ಕೂಡ ಆಗಿದ್ದ, ಅದಕ್ಕೇ 2020ರಲ್ಲಿ ಅವನ ಹೆಸರನ್ನ ಒಂದು ಕಟ್ಟಡದಿಂದ ತೆಗೆದು ಹಾಕಿದಾರೆ ಅಂತ. ಎರಡನ್ನೂ ಒಟ್ಟಿಗೆ ಹೇಳಿದ್ದು ನಂಗೆ ಹಿಡಿಸ್ತು.

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯ್ತು, ಟಾಗೋರ್ ಬೀಚಿಗೆ ಹೋದ್ವಿ. ರವೀಂದ್ರನಾಥ ಟಾಗೋರರು 22ರ ಹರೆಯದಲ್ಲಿ ಇಲ್ಲಿಗೆ ಬಂದಿದ್ರು, ಅವರಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, ಒಂದು ನಾಟಕವನ್ನೂ ಇಲ್ಲೇ ಬರೆದ್ರು. ಮಳೆಗಾಲದಲ್ಲಿ ಈ ಬೀಚ್ ಬೇರೆ ಥರ, ಕಂದು ತೆರೆ, ಮರಳ ಮೇಲೆ ಕಾಳಿ ತಂದು ಹಾಕಿದ ಕಟ್ಟಿಗೆ, ತೆಂಗಿನ ಗರಿ. ನೀರಿಗಿಳಿಯೋ ಯೋಚನೆ ಬೇಡ, ಗಾರ್ಡ್‌ಗಳು ಸೀಟಿ ಊದ್ತಾರೆ, ಊದದಿದ್ರೂ ಇಳೀಬಾರ್ದು. ಕೂರ್ಮಗಡ, ದೇವಬಾಗ ಎಲ್ಲ ನೋಡಬೇಕಂದ್ರೆ ಅಕ್ಟೋಬರ್ ಮೇಲೇ ಬನ್ನಿ, ದೋಣಿ ಆಗ ಸಿಗತ್ತೆ.

ಸಂಜೆ ಬೈತಖೋಲ ಬಂದರಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರತ್ತೆ, ಅದು ಮುಗಿದು ಹೊಸದಾಗಿ ಬೋಟು ಇಳಿದಿದ್ವು, ಬಂದರಲ್ಲಿ ಹಬ್ಬದ ಗದ್ದಲ. ಬುಟ್ಟಿ ಮುಂದೆ ಕೂತ ಒಬ್ಬ ಅಜ್ಜಿ ಹತ್ರ ಕೂಸು ಕೊಂಕಣಿಲಿ ಮಾತಿಗಿಳಿದ್ಲು. ನಮ್ಮನೇಲಿ ಮೀನು ತಿನ್ನಲ್ಲ, ಆದ್ರೆ ಇವಳಿಗೆ ಬಂಗಡೆ ಕಣ್ಣು ನೋಡಿ ಎಷ್ಟು ಹೊತ್ತಿಗೆ ಹಿಡಿದಿದ್ದು ಅಂತ ಹೇಳೋಕೆ ಬರತ್ತೆ. ಅಜ್ಜಿ ಹೇಳಿದ್ದು ತಾರ್ಲೆ, ಅಂದ್ರೆ ಬೂತಾಯಿ ಮೀನಿನ ಬಗ್ಗೆ. ಮುಂಚೆ ತೆಂಗಿನ ಬುಡಕ್ಕೆ ಗೊಬ್ಬರ ಹಾಕುವಷ್ಟು ಬರ್ತಿತ್ತು, ಈಗ ಒಂದು ವರ್ಷ ಬಂದ್ರೆ ಇನ್ನೊಂದು ವರ್ಷ ಇಲ್ಲ ಅಂತ. ಕೂಸು ಹೇಳಿದ್ಲು, ನಾನು ಹೋಗೋ ಊರಲ್ಲೂ ಅದೇ ಕಥೆ ಅಜ್ಜಿ, ಮಾಂಟೆರೆಲಿ ಸಾಲುಸಾಲು ತಾರ್ಲೆ ಡಬ್ಬಿ ಕಾರ್ಖಾನೆ ಇತ್ತು, 1940ರ ದಶಕದಲ್ಲಿ ರಾಶಿರಾಶಿ ಹಿಡಿದ್ರು, 50ರ ದಶಕದಲ್ಲಿ ಮೀನೇ ಬರೋದು ನಿಂತು ಕಾರ್ಖಾನೆಗಳು ಬಾಗಿಲು ಹಾಕಿದ್ವು ಅಂತ. ಅಜ್ಜಿ ಕೈಯಲ್ಲಿದ್ದ ಕತ್ತಿ ಬದಿಗಿಟ್ಟು ಕೇಳಿದ್ರು, ‘ಮತ್ತೆ ಅಲ್ಲಿಯವರು ಎಂತ ಮಾಡಿದ್ರು?’ ಕೂಸಿನ ಹತ್ರ ಉತ್ತರ ಇರ್ಲಿಲ್ಲ. ಕಾರ್ಖಾನೆ ಕಟ್ಟಡದಲ್ಲಿ ಈಗ ಅಕ್ವೇರಿಯಂ ಇದೆ, ಅಂಗಡಿಗಳಿವೆ, ಆದ್ರೆ ಆ ಜನ ಎಲ್ಲಿ ಹೋದ್ರು ಅನ್ನೋದು ತಾನು ಓದಿಲ್ಲ ಅಂತ ರೂಮಿಗೆ ಬಂದ ಮೇಲೂ ಹೇಳ್ತಿದ್ಲು.

ಎರಡನೇ ದಿನ, ಅರ್ಗಾ, ಅಂಕೋಲಾ, ಅಘನಾಶಿನಿ

ಬೆಳಿಗ್ಗೆ ಮೊದಲು ಸದಾಶಿವಗಡ ಕಡೆಗೆ ಹೋಗಿ ಕಾಳಿ ಸೇತುವೆ ನೋಡಿ ವಾಪಸ್ ಬಂದ್ವಿ. ಹಳೇ ಸೇತುವೆ ಹೋದ ವರ್ಷ, 2024ರ ಆಗಸ್ಟ್ 7ರ ನಡುರಾತ್ರಿ, ಕುಸಿದು ಬಿದ್ದಿತ್ತು, ಮೇಲಿದ್ದ ಲಾರಿ ಹೊಳೆಗೆ ಬಿದ್ದು ಡ್ರೈವರ್‌ನ ಮೀನುಗಾರರು, ಪೊಲೀಸರು ಸೇರಿ ಎತ್ತಿದ್ರು. ಆ ಸೇತುವೆ ಮೇಲೆ ಎಷ್ಟು ಸಲ ಓಡಾಡಿದೀನೋ, ಈಗ ಆ ಜಾಗ ನೋಡೋಕೇ ಒಂಥರಾ.

ಕಾರವಾರದಿಂದ ತೆಂಕಕ್ಕೆ ಬಿಣಗಾ ದಾಟಿದ ಮೇಲೆ ಅರ್ಗಾ, ಅಲ್ಲಿಂದ ಉದ್ದಕ್ಕೂ ನೌಕಾನೆಲೆ ಗೋಡೆ. ಇಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯೋಕೆ ಹೋಗ್ಬೇಡಿ, ಬೋರ್ಡೇ ಇದೆ. 1986ರಲ್ಲಿ ರಾಜೀವ್ ಗಾಂಧಿ ಈ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಅಡಿಗಲ್ಲು ಹಾಕಿದ್ರು, ಊರಿಗೆ ಊರೇ ಎದ್ದು ಹೋದ್ವು, ‘ಸೀಬರ್ಡ್ ನಿರಾಶ್ರಿತರು’ ಅನ್ನೋ ಮಾತು ಈ ಜಿಲ್ಲೇಲಿ ಇವತ್ತಿಗೂ ಚಾಲ್ತಿಲಿದೆ. ಡ್ರೈವರ್ ಹುಡುಗನ ಅಜ್ಜನ ಮನೇನೂ ಅದರಲ್ಲೇ ಹೋಗಿದ್ದಂತೆ. ಅವನು ಕೇಳಿದ, ‘ಸರ್, ಆ ಕಾಲೇಜಿಗೆ ಜಾಗ ಎಷ್ಟಿದೆ?’ ಕೂಸು 8,180 ಎಕರೆ ಅಂದ್ಲು. ಅವನು ಒಮ್ಮೆ ಹಿಂದೆ ತಿರುಗಿ ನೋಡಿ, ‘ಅಷ್ಟು ಜಾಗ ಯಾರ್ದು ಹೋಯ್ತು?’ ಅಂತ ಕೇಳಿದ.

ಆ ಪ್ರಶ್ನೆ ಈ ಜಿಲ್ಲೆಯವನು ಮಾತ್ರ ಕೇಳ್ತಾನೆ ಅನ್ಸತ್ತೆ. ಉತ್ತರ ಕೂಸು ನಿಧಾನಕ್ಕೆ ಹೇಳಿದ್ಲು. ಜಾಗ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅನ್ನೋ ಸಾಹುಕಾರನ ಕುದುರೆ ಫಾರಂ, ಅದಕ್ಕೆ ಈಗಲೂ ಅಲ್ಲಿಯವರು ಕ್ಯಾಂಪಸ್ಸಿಗೆ ‘ಫಾರ್ಮ್’ ಅಂತಾನೇ ಕರೀತಾರೆ. ಅದಕ್ಕೂ ಮುಂಚೆ ಅದು ಮುವೆಕ್ಮಾ ಓಲೋನಿ ಅನ್ನೋ ಮೂಲನಿವಾಸಿಗಳ ನೆಲ. ಸಾಹುಕಾರನ ದುಡ್ಡು ರೈಲಿಂದ ಬಂದಿದ್ದು, ಅವನು ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿ ಅಧ್ಯಕ್ಷ, ಕ್ಯಾಲಿಫೋರ್ನಿಯಾಕ್ಕೆ ಗವರ್ನರೂ ಆಗಿದ್ದ. 1869ರಲ್ಲಿ ಅಮೆರಿಕದ ಈ ಕಡಲಿಂದ ಆ ಕಡಲಿಗೆ ರೈಲು ಕೂಡಿದಾಗ ಬಂಗಾರದ ಮೊಳೆ ಹೊಡೆದವನು ಅವನೇ. ಹಿಮದ ಬೆಟ್ಟ ಕೊರೆದು ಹಳಿ ಹಾಕಿದ್ದು ಮಾತ್ರ ಸಾವಿರಾರು ಚೀನೀ ಕೂಲಿಗಳು. ಅವರ ಚರಿತ್ರೆ ಹುಡುಕಿ ಬರೆಯೋ ಕೆಲಸವನ್ನ ಈಗ ಅದೇ ಯುನಿವರ್ಸಿಟಿ ಪ್ರೊಫೆಸರ್‌ಗಳು ಮಾಡಿದಾರೆ. ಇವಳು ಸೇರೋ ಮರೈನ್ ಸ್ಟೇಷನ್ ನಿಂತಿರೋ ಮೂಲೆ ಕೂಡ ಮುಂಚೆ ಚೀನೀ ಮೀನುಗಾರರ ಕೇರಿ, ರಾತ್ರಿ ದೀಪ ಕಟ್ಟಿ ಬೊಂಡಾಸ (ಸ್ಕ್ವಿಡ್) ಹಿಡಿದು ಒಣಗಿಸ್ತಿದ್ರು, 1906ರಲ್ಲಿ ಕೇರಿ ಸುಟ್ಟುಹೋಯ್ತು. 1917ರಲ್ಲಿ ಪ್ರಯೋಗಾಲಯ ಅಲ್ಲಿಗೆ ಬಂತು.

ಡ್ರೈವರ್ ಹುಡುಗ ಕೊನೆಗೆ ಇಷ್ಟೇ ಹೇಳಿದ, ‘ಗೊತ್ತಿಟ್ಕೊಂಡು ಓದಿ ಅಕ್ಕಾ.’ ಅವಳು ಹೂಂ ಅಂದ್ಲು.

ಅಂಕೋಲಾದಲ್ಲಿ ಚಹಾಕ್ಕೆ ನಿಲ್ಲಿಸಿದ್ವಿ, ಬನ್ಸ್ ಬಿಸಿ ಇತ್ತು. ಪಕ್ಕದ ಬೆಂಚಲ್ಲಿ ನಿವೃತ್ತ ಮಾಸ್ತರರು ಒಬ್ರು ಪೇಪರ್ ಓದ್ತಾ ಇದ್ದವರು ನಮ್ಮ ಮಾತು ಕೇಳಿ ಸೇರ್ಕೊಂಡ್ರು. ‘ಖಾಸಗಿ ಯುನಿವರ್ಸಿಟಿ ಅಂತೀರಿ, ಮತ್ತೆ ಡೊನೇಶನ್ ಎಷ್ಟು?’ ಅಂದ್ರು. ಈ ಪ್ರಶ್ನೆ ನಮ್ಮ ನೆಂಟರೆಲ್ಲ ಕೇಳಿದಾರೆ, ಎಷ್ಟು ಲಕ್ಷ ಸಾಲ ಮಾಡಿದ್ರಿ ಅಂತ. ಇದನ್ನ ಮಕ್ಕಳನ್ನ ಕಳಿಸೋ ಆಸೆ ಇರೋರು ತಿಳ್ಕೋಬೇಕು. ಅಲ್ಲಿ ಡಿಗ್ರಿಗೆ ಸೇರಿದ್ರೆ ಟ್ಯೂಷನ್ನೇ ವರ್ಷಕ್ಕೆ 65 ಸಾವಿರ ಡಾಲರಿಗೂ ಮೇಲೆ, ಆದ್ರೆ ಕಮ್ಮಿ ವರಮಾನದ ಮನೆ ಮಕ್ಕಳಿಗೆ ಅದನ್ನ ಪೂರ್ತಿ ಬಿಡ್ತಾರೆ. ಆದ್ರೂ ಬೇರೆ ದೇಶದವರು ಅರ್ಜಿ ಹಾಕುವಾಗಲೇ ಸಹಾಯ ಬೇಕು ಅಂತ ಬರೀಬೇಕು, ಆಮೇಲೆ ಕೇಳಿದ್ರೆ ಕಷ್ಟ. ಅರ್ಜಿ ಹಾಕಿದ ನೂರರಲ್ಲಿ ನಾಲ್ಕು ಜನಕ್ಕೂ ಸೀಟು ಸಿಗಲ್ಲ. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು. ಆದ್ರೆ ಇವಳ ಥರ ವಿಜ್ಞಾನದಲ್ಲಿ ಪಿಎಚ್‌ಡಿಗೆ ಹೋದೋರು ಕಟ್ಟೋದಿಲ್ಲ, ಯುನಿವರ್ಸಿಟಿನೇ ಫೀಸು ತುಂಬಿ ಮೇಲೆ ತಿಂಗಳ ಖರ್ಚಿಗೂ ಕೊಡತ್ತೆ. ನಮಗೆ ಖರ್ಚಾಗಿದ್ದು ವೀಸಾ, ಟಿಕೆಟ್ಟು, ಪರೀಕ್ಷೆ ಫೀಸು ಅಷ್ಟೇ.

ಮಾಸ್ತರರಿಗೆ ನಂಬಿಕೆ ಬರ್ಲಿಲ್ಲ. ಹಾಗಾದ್ರೆ ಮಾಲೀಕರಿಗೆ ಲಾಭ ಎಲ್ಲಿಂದ ಅಂತ. ಅಲ್ಲಿ ಮಾಲೀಕರೇ ಇಲ್ಲ, ಟ್ರಸ್ಟಿಗಳಿದಾರೆ, ಲಾಭ ಯಾರೂ ಮನೆಗೆ ಒಯ್ಯೋ ಹಾಗಿಲ್ಲ. ದಾನಿಗಳು ಕೊಟ್ಟಿದ್ದೆಲ್ಲ ಸೇರಿ ದೊಡ್ಡ ಇಡುಗಂಟು ಇದೆ, 2024ರಲ್ಲಿ 3,700 ಕೋಟಿ ಡಾಲರಿಗೂ ಹೆಚ್ಚು, ಅದರ ಹುಟ್ಟುವಳಿ ವರ್ಷದ ಖರ್ಚಿನ ಐದನೇ ಒಂದು ಪಾಲು ನೋಡ್ಕೊಳತ್ತೆ. ಸಂಶೋಧನೆ ದುಡ್ಡು ಬಹಳಷ್ಟು ಅಲ್ಲಿಯ ಕೇಂದ್ರ ಸರ್ಕಾರದ್ದು. 2025ರಲ್ಲಿ ಸರ್ಕಾರ ಕೈ ಹಿಂದೆ ತಗೊಂಡಿದ್ದಕ್ಕೆ ಯುನಿವರ್ಸಿಟಿನೂ ಬಜೆಟ್ಟಲ್ಲಿ 14 ಕೋಟಿ ಡಾಲರ್ ಕಡಿತ ಮಾಡಿದೆ, ಕೆಲಸದವರನ್ನೂ ತೆಗೆದಿದಾರೆ, ಆ ಹೆದರಿಕೆ ನಂಗೆ ಇದ್ದೇ ಇದೆ.

‘ಅಂದ್ರೆ ನಮ್ಮ ಕೆನರಾ ವೆಲ್ಫೇರ್ ಟ್ರಸ್ಟ್ ಥರಾ ಅನ್ನಿ’ ಅಂದ್ರು ಮಾಸ್ತರರು, ಗಂಟಲು ಸ್ವಲ್ಪ ಕಟ್ಟಿತ್ತು. ಅವರು ಓದಿದ್ದೂ ಕಲಿಸಿದ್ದೂ ಅದರದೇ ಹೈಸ್ಕೂಲಲ್ಲಿ. ಚುಟುಕಗಳ ದಿನಕರ ದೇಸಾಯಿಯವರು 1953ರಲ್ಲಿ ಅದನ್ನ ಕಟ್ಟಿದ್ದು, ಸರ್ಕಾರಿ ಹೈಸ್ಕೂಲು ಇಲ್ಲದ ಊರೂರಲ್ಲಿ ಶಾಲೆ ತೆಗೆದ್ರು, ಅಂಕೋಲಾದಲ್ಲಿ ಕಾಲೇಜೂ ಮಾಡಿದ್ರು. ಅವರು ಇಲ್ಲದಿದ್ರೆ ತಾನು ಗದ್ದೆಲೇ ಇರ್ತಿದ್ದೆ ಅಂದ್ರು. ಹೋಗೋವಾಗ ಕೂಸಿನ ಕೈಗೆ ಒಂದು ಪೆನ್ನು ಕೊಟ್ರು, ಅವರ ಜೇಬಲ್ಲಿದ್ದಿದ್ದು. ಬೇಡ ಅನ್ನೋಕೆ ಆಗ್ಲಿಲ್ಲ.

ಶಿರೂರಿನಲ್ಲಿ ಗಾಡಿ ನಿಧಾನ ಮಾಡಿದ್ವಿ. 2024ರ ಜುಲೈ 16ರಂದು ಗುಡ್ಡ ಕುಸಿದು ರಸ್ತೆ ಬದಿ ಚಹಾದಂಗಡಿ ಮನೆಯವರ ಸಮೇತ ಗಂಗಾವಳಿಗೆ ಹೋದ ಜಾಗ. ಯಾರೂ ಮಾತಾಡ್ಲಿಲ್ಲ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಬೇಗ ಆಯ್ತು, ಮಳೆಗಾಲದಲ್ಲಿ ಜನ ಕಮ್ಮಿ, ಶ್ರಾವಣದ ಸೋಮವಾರ ಮಾತ್ರ ತಪ್ಪಿಸಿ ಬನ್ನಿ.

ಕೂಸಿಗೆ ನೋಡಬೇಕಿದ್ದಿದ್ದು ಅಘನಾಶಿನಿ ಅಳಿವೆ. ಅವಳು ಎಮ್ಮೆಸ್ಸಿಲಿ ಕೆಲಸ ಮಾಡಿದ್ದು ಬೆಳಚಿನ ಮೇಲೆ, ಈ ಕೆಸರಲ್ಲಿ ಸಿಗೋ ಚಿಪ್ಪಿನ ಜೀವಿ. ಕಡಲ ನೀರು ಬಿಸಿಯಾಗಿ ಹುಳಿಯಾಗ್ತಾ ಹೋದ್ರೆ ಅವು ಚಿಪ್ಪು ಹೇಗೆ ಕಟ್ಕೋತಾವೆ ಅನ್ನೋದು ಅವಳ ಪ್ರಶ್ನೆ, ಪಿಎಚ್‌ಡಿಲೂ ಅದೇ ದಾರಿ. ಈ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ, 2024ರಲ್ಲಿ ಅಳಿವೆಗೆ ಜೌಗು ನೆಲಗಳಿಗೆ ಕೊಡೋ ಅಂತಾರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಮಾಣಿಕಟ್ಟಾ ಕಡೆ ಗಜನಿ ಗದ್ದೇಲಿ ಕಗ್ಗ ಭತ್ತ ಹಸುರಾಗಿ ನಿಂತಿತ್ತು, ಉಪ್ಪುನೀರು ತಡೆಯೋ ಭತ್ತ, ಗೊಬ್ಬರ ಏನೂ ಹಾಕೋದಿಲ್ಲ. ಕಟ್ಟಿನ ಮೇಲೆ ನಡೀತಿದ್ದಾಗ ನಾನು ಜಾರಿ ಮೊಣಕಾಲುವರೆಗೆ ಕೆಸರಿಗೆ ಹೋದೆ, ಒಂದು ಚಪ್ಪಲಿ ಅಲ್ಲೇ ಉಳೀತು. ಗದ್ದೆಯವರು ಒಬ್ರು ಓಡಿ ಬಂದು ಕೈ ಕೊಟ್ಟು ಎಳೆದ್ರು, ಮನೆಗೆ ಕರ್ಕೊಂಡು ಹೋಗಿ ಕಾಲಿಗೆ ನೀರು ಕೊಟ್ಟು, ಕಗ್ಗದ ಕೆಂಪಕ್ಕಿ ಗಂಜಿ, ಮಾವಿನ ಮಿಡಿ ಕೊಟ್ರು. ಆ ಗಂಜಿ ರುಚಿ ಇನ್ನೂ ಬಾಯಲ್ಲಿದೆ. ಬೆಳಚು ಈಗ ಸಿಗತ್ತಾ ಅಂತ ಕೂಸು ಕೇಳಿದ್ದಕ್ಕೆ, ಮಳೆಗಾಲದಲ್ಲಿ ಹೊಳೆ ತುಂಬ ಸಿಹಿನೀರು, ಬೆಳಚು ಕಮ್ಮಿ, ಮಳೆ ಹೋದ್ಮೇಲೆ ಬಾ ಅಂದ್ರು. ‘ಮಳೆ ಹೋಗೋವಾಗ ನಾನು ಇಲ್ಲಿ ಇರಲ್ಲ’ ಅಂದ್ಲು. ಅದನ್ನ ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಮನೆ ಹೆಂಗಸು ಏನೂ ಹೇಳದೆ ಇನ್ನೊಂದು ಸೌಟು ಗಂಜಿ ಬಡಿಸಿದ್ರು.

ಮೂರನೇ ದಿನ, ದೇವಿಮನೆ ಘಟ್ಟ, ಶಿರಸಿ

ಕುಮಟಾದಲ್ಲಿ ಉಳಿದು ಬೆಳಿಗ್ಗೆ ಹೊರಟ್ವಿ. ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡೋ ಕೆಲಸ ವರ್ಷಗಟ್ಟಲೆಯಿಂದ ನಡೀತಿದೆ, ಮಳೆಗಾಲದಲ್ಲಿ ಯಾವಾಗ ಬಂದ್ ಅಂತ ಹೇಳೋಕಾಗಲ್ಲ, ಪೇಟೆಲಿ ಬಸ್ಸಿನವರ ಹತ್ರ ಕೇಳ್ಕೊಂಡೇ ಹೊರಡಿ. ಬಂದ್ ಆಗಿದ್ರೆ ಹೊನ್ನಾವರಕ್ಕೆ ಹೋಗಿ ಮಾವಿನಗುಂಡಿ, ಸಿದ್ದಾಪುರ ಮೇಲೆ ಸುತ್ತಿ ಬರಬೇಕು. ನಮಗೆ ದಾರಿ ಇತ್ತು. ಮಂಜು ಎಷ್ಟಿತ್ತು ಅಂದ್ರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣ್ತಿತ್ತು, ಗುಡ್ಡದ ಮೇಲಿಂದ ನೀರು ರಸ್ತೆಗೇ ಧುಮುಕ್ತಿತ್ತು. ಒಂದು ತಿರುವಿನಲ್ಲಿ ಟೈರ್ ಪಂಕ್ಚರ್. ಆ ಮಳೇಲಿ ಹುಡುಗ ಒಬ್ಬನೇ ಜಾಕ್ ಹಾಕ್ತಿದ್ದ, ನಾನು ಛತ್ರಿ ಹಿಡಿದೆ, ಹದಿನೈದು ನಿಮಿಷಕ್ಕೆ ಇಬ್ಬರ ಕಾಲಿಗೂ ಉಂಬಳ ಹತ್ತಿ ರಕ್ತ. ಈ ಕಡೆ ಮಳೆಗಾಲದಲ್ಲಿ ಬರೋರು ಸುಣ್ಣ ಇಲ್ಲಾ ಉಪ್ಪು ಇಟ್ಕೊಂಡಿರಿ, ಕಿತ್ತು ತೆಗೀಬೇಡಿ.

ಮನೆ ಶಿರಸಿಯಿಂದ ಒಳಗೆ. ಅಂಗಳಕ್ಕೆ ಕಾಲಿಡುವಾಗಲೇ ಆಯಿ, ಅಂದ್ರೆ ನಮ್ಮಮ್ಮ, ಜಗುಲಿಗೆ ಬಂದು ನಿಂತಿದ್ಲು, 87 ವರ್ಷ. ‘ಬಾ ತಂಗೀ, ಆಸ್ರಿಗೆ ಎಂತ ಕುಡಿತೆ?’ ಅಂತ ಕೂಸಿನ ಕೈ ಹಿಡ್ಕೊಂಡ್ಲು. ಕಷಾಯ, ಆಮೇಲೆ ಪತ್ರೊಡೆ, ಕೆಸುವಿನ ಎಲೆ ಈ ತಿಂಗಳಲ್ಲೇ ಚೆನ್ನಾಗಿರೋದು. ಊಟಕ್ಕೆ ಕಳಲೆ ಪಲ್ಯ, ಅಪ್ಪೆಹುಳಿ, ಒಂದೆಲಗದ ತಂಬುಳಿ. ಅಣ್ಣ ತೋಟದಿಂದ ನೀಲಿ ಕೈ ಮಾಡ್ಕೊಂಡು ಬಂದ, ಕೊಳೆ ರೋಗಕ್ಕೆ ಬೋರ್ಡೋ ಹೊಡೆಸೋ ಗಡಿಬಿಡಿ, ಮೈಲುತುತ್ತ ಸುಣ್ಣ ಕಲಸಿ ಅಡಿಕೆ ಕೊನೆಗೆ ಹೊಡೀಬೇಕು, ಮಳೆ ಬಿಡ್ತಿಲ್ಲ, ಎರಡನೇ ಸಲದ್ದು ತಡ ಆಗಿದೆ ಅಂತ ಚಿಂತೆಲಿದ್ದ. ಆದ್ರೂ ಕೂತು ಕೇಳಿದ, ಎಲ್ಲ ಕೇಳಿದ. 8,180 ಎಕರೆ ಅಂದಾಗ ಎರಡೆಕರೆ ತೋಟದ ಮನುಷ್ಯ ಸುಮ್ಮನಾದ. ಆ ಜಾಗ ಯಾವತ್ತೂ ಮಾರೋ ಹಾಗಿಲ್ಲ, ಕೊಟ್ಟೋರು ಪತ್ರದಲ್ಲೇ ಬರೆದಿಟ್ಟಿದಾರೆ, ಗೇಣಿಗೆ ಕೊಡಬಹುದು ಅಷ್ಟೇ ಅಂದಾಗ ಮಾತ್ರ ತಲೆದೂಗಿದ, ‘ತಿಳಿದವ್ವು’ ಅಂದ. ಆ ಕಟ್ಟಳೆಯಿಂದಲೇ ಮುಂದೆ ಆಗಿದ್ದು ನೋಡಿ. ಮಾರೋ ಹಾಗಿಲ್ಲ, ದುಡ್ಡು ಬೇಕು, ಹಾಗಾಗಿ 1951ರಲ್ಲಿ ಜಾಗದ ಒಂದು ಪಾಲನ್ನ ತಂತ್ರಜ್ಞಾನದ ಕಂಪನಿಗಳಿಗೆ ದೀರ್ಘ ಲೀಸಿಗೆ ಕೊಟ್ರು. ಎಂಜಿನಿಯರಿಂಗ್ ಡೀನ್ ಫ್ರೆಡರಿಕ್ ಟರ್ಮನ್ ತನ್ನ ವಿದ್ಯಾರ್ಥಿಗಳಿಗೆ ಇಲ್ಲೇ ಕಂಪನಿ ಮಾಡಿ ಅಂತ ಹಿಂದೆ ಬಿದ್ದ, ಹ್ಯೂಲೆಟ್, ಪ್ಯಾಕರ್ಡ್ ಇಬ್ರೂ ಅವನ ಹುಡುಗರೇ, ಗೂಗಲ್ ಮಾಡಿದ ಇಬ್ರೂ ಅಲ್ಲಿಯ ಪಿಎಚ್‌ಡಿ ವಿದ್ಯಾರ್ಥಿಗಳು. ಸಿಲಿಕಾನ್ ವ್ಯಾಲಿ ಅಂತ ನಾವು ಬೆಂಗಳೂರಲ್ಲಿ ಕೂತು ಹೇಳೋದಕ್ಕೆ ಅಲ್ಲಿ ಬೇರು ಇಳಿದಿದ್ದು ಹೀಗೆ.

ರಾತ್ರಿ ಕರೆಂಟ್ ಹೋಯ್ತು. ದೀಪದ ಬೆಳಕಲ್ಲಿ ಕೂತಿದ್ವಿ, ಮಾಡಿನ ಮೇಲೆ ಮಳೆ ಒಂದೇ ಸಮ. ಆಯಿ ಕೇಳಿದ್ಲು, ಅಷ್ಟೆಲ್ಲ ಯಾಕೆ ಕಟ್ಟಿದ್ರು, ಅವರಿಗೆ ಮಕ್ಕಳಿರ್ಲಿಲ್ವಾ ಅಂತ.

ಕೂಸು ಹೇಳಿದ್ಲು. ಒಬ್ಬನೇ ಮಗ ಇದ್ದ ಅಮ್ಮಮ್ಮ. ಮದುವೆಯಾಗಿ ಹತ್ತಿರ ಹತ್ತಿರ 18 ವರ್ಷಕ್ಕೆ ಹುಟ್ಟಿದವನು. ಅಪ್ಪ ಅಮ್ಮ ಅವನನ್ನ ಕರ್ಕೊಂಡು ಯುರೋಪ್ ತಿರುಗೋಕೆ ಹೋಗಿದ್ರು, ಇಟಲಿಯ ಫ್ಲಾರೆನ್ಸ್ ಅನ್ನೋ ಊರಲ್ಲಿ 1884ರ ಮಾರ್ಚ್‌ನಲ್ಲಿ ವಿಷಮಶೀತ ಜ್ವರ ಬಂದು ಹೋಗ್ಬಿಟ್ಟ, 16 ತುಂಬೋಕೆ ಎರಡು ತಿಂಗಳಿತ್ತು. ಇನ್ಮೇಲೆ ಕ್ಯಾಲಿಫೋರ್ನಿಯಾದ ಮಕ್ಕಳೆಲ್ಲ ನಮ್ಮ ಮಕ್ಕಳು ಅಂತ ಅಪ್ಪ ಹೇಳಿದ್ನಂತೆ. ಮರುವರ್ಷ ಪತ್ರ ಬರೆದು ಜಾಗ ಕೊಟ್ರು. ಅದರ ಪೂರ್ತಿ ಹೆಸರೇ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಜೂನಿಯರ್ ಯುನಿವರ್ಸಿಟಿ, ಮಗನ ಹೆಸರು.

ನಾನು ಆಯಿ ಮುಖ ನೋಡೋಕೆ ಹೋಗ್ಲಿಲ್ಲ. ನಮ್ಮ ಹಿರಿಯಣ್ಣ ಹೋಗಿದ್ದು 1974ರ ಮಳೆಗಾಲದಲ್ಲಿ, ಅದೇ ಜ್ವರ, ಅದೇ 15 ವರ್ಷ. ಹೊಳೆ ಬಂದು ಸಂಕ ಮುಳುಗಿತ್ತು, ಕಂಬಳಿ ಕಟ್ಟಿ ಹೊತ್ತು ರಸ್ತೆಗೆ ತಲುಪಿಸೋ ಹೊತ್ತಿಗೆ ಎರಡು ದಿನ ಕಳೆದಿತ್ತು. ನಂಗೆ ಆಗ ಆರು ವರ್ಷ, ಕಂಬಳಿ ನೆನಪಿದೆ. ಕೂಸಿಗೆ ಇದು ಗೊತ್ತಿರ್ಲಿಲ್ಲ, ನಮ್ಮನೇಲಿ ಆ ಮಾತು ಯಾರೂ ಎತ್ತೋದಿಲ್ಲ.

ತುಂಬ ಹೊತ್ತಾದ ಮೇಲೆ ಆಯಿ, ‘ಆ ಹೆಂಗಸು ಆಮೇಲೆ ಎಂತ ಮಾಡ್ಚು?’ ಅಂತ ಕೇಳಿದ್ಲು. ಕೂಸು ಮುಂದುವರಿಸಿದ್ಲು. ಶಾಲೆ ಶುರುವಾಗಿ ಎರಡು ವರ್ಷಕ್ಕೆ ಗಂಡ ಹೋದ. ಸರ್ಕಾರ ಆಸ್ತಿ ಮೇಲೆ ಒಂದೂವರೆ ಕೋಟಿ ಡಾಲರಿನ ದಾವೆ ಹೂಡಿತು, ಆಸ್ತಿಯೆಲ್ಲ ಕಟ್ಟಿಹಾಕಿದಂಗಾಯ್ತು. ಜೇನ್ ಸ್ಟ್ಯಾನ್‌ಫರ್ಡ್ ಮನೆ ಖರ್ಚಿಗೆ ಅಂತ ಕೋರ್ಟು ಕೊಡ್ತಿದ್ದ ದುಡ್ಡಲ್ಲಿ ಮೇಷ್ಟ್ರ ಸಂಬಳ ಕೊಟ್ಲು. 1896ರಲ್ಲಿ ಸುಪ್ರೀಂ ಕೋರ್ಟಲ್ಲಿ ಗೆದ್ದಿದ್ದಾಯ್ತು, ಮರುವರ್ಷ ತನ್ನ ಒಡವೆ ತಗೊಂಡು ಲಂಡನ್ನಿಗೆ ಮಾರೋಕೆ ಹೋದ್ಲು. ಆ ಒಡವೆ ದುಡ್ಡಿನ ನಿಧಿಯಿಂದ ಇವತ್ತಿಗೂ ಲೈಬ್ರರಿಗೆ ಪುಸ್ತಕ ತರಿಸ್ತಾರೆ. ಅತ್ತಿಗೆ ಒಳಗಿಂದ ಕೇಳಿದ್ಲು, ಹೆಣ್ಮಕ್ಕಳಿಗೆ ಸೀಟು ಇತ್ತಾ ಅಂತ. ಮೊದಲ ದಿನದಿಂದಲೇ ಇತ್ತು. ಆದ್ರೆ ಹುಡುಗಿಯರ ಸಂಖ್ಯೆ ಏರ್ತಾ ಹೋದಾಗ 1899ರಲ್ಲಿ ಜೇನ್ ಅವರೇ 500 ಹುಡುಗಿಯರು ಸಾಕು ಅಂತ ಮಿತಿ ಹಾಕಿದ್ರು, ಮಗನ ಹೆಸರಿನ ಶಾಲೆ ಹುಡುಗಿಯರ ಶಾಲೆ ಆಗಿಬಿಡತ್ತೆ ಅನ್ನೋ ಹೆದರಿಕೆಗೆ. 1933ರಲ್ಲಿ ಆ ಮಿತಿ ತೆಗೆದ್ರು. ‘ಅದೊಂದು ಮಾಡ್ಲಾಗಿತ್ತು’ ಅಂದ್ಲು ಅತ್ತಿಗೆ. ನಂಗೂ ಹಾಗೇ ಅನ್ಸಿತು.

ನಾಲ್ಕನೇ ದಿನ, ಬನವಾಸಿ

ಬೆಳಿಗ್ಗೆ ಬಿಸಿಲು. ತೋಟಕ್ಕೆ ಬೋರ್ಡೋ ಹೊಡೆಯೋರು ಬಂದ್ರು, ಅಣ್ಣ ಆ ಕಡೆ ಓಡಿದ. ಆಯಿ ತಾನೇ ಸೀರೆ ಉಟ್ಟು ತಯಾರಾಗಿದ್ಲು, ಮಾರಿಕಾಂಬೆಗೆ ಹಣ್ಣುಕಾಯಿ ಮಾಡ್ಸಿ ಬನವಾಸಿಗೂ ಬರ್ತೆ ಅಂತ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬರತ್ತೆ, ಆಗ ಗುಡಿ ಹತ್ರ ಕಾಲಿಡೋಕೂ ಜಾಗ ಇರಲ್ಲ, ಈಗ ಆರಾಮಾಗಿ ದರ್ಶನ ಆಯ್ತು. ಪೇಟೇಲಿ ತೊಡದೇವು ತಗೊಂಡ್ವಿ. ತಗೊಳ್ಳೋರು ಪೆಟ್ಟಿಗೆಲೇ ತಗೊಳ್ಳಿ, ಕಾಗದದಷ್ಟು ತೆಳು, ಬ್ಯಾಗಲ್ಲಿ ಪುಡಿಯಾಗತ್ತೆ.

ಬನವಾಸಿ ಶಿರಸಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ವರದಾ ತುಂಬಿತ್ತು. ಮಧುಕೇಶ್ವರನ ಗುಡಿ ಪ್ರಾಕಾರದಲ್ಲಿ ಆಯಿಯನ್ನ ಕೂರಿಸಿ ನಾವು ಸುತ್ತು ಹಾಕಿದ್ವಿ. ಅಲ್ಲಿ ಊರಿನವರೊಬ್ರು, ಪ್ರವಾಸಿಗರಿಗೆ ವಿವರ ಹೇಳ್ತಿದ್ದವರು, ಕೂಸು ಓದೋಕೆ ಹೊರಟಿದಾಳೆ ಅಂತ ಗೊತ್ತಾಗಿ ಮಯೂರಶರ್ಮನ ಕಥೆಗೆ ಬಂದ್ರು. ನಾವೆಲ್ಲ ಮಯೂರ ಅಂದ್ರೆ ಕತ್ತಿ ಹಿಡಿದ ರಾಜ ಅಂದ್ಕೊಂಡಿರ್ತೀವಿ. ಆದ್ರೆ ತಾಳಗುಂದದ ಶಾಸನದಲ್ಲಿ ಇರೋದು, ಅವನು ಮೊದಲು ಊರು ಬಿಟ್ಟಿದ್ದು ಓದೋಕೆ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಆ ಕಾಲದ ದೊಡ್ಡ ವಿದ್ಯಾಪೀಠಕ್ಕೆ, ಇದ್ದದ್ದೆಲ್ಲ ಕಲೀಬೇಕು ಅಂತ ಹೋಗಿದ್ದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ ದರ್ಭೆ ಹಿಡಿಯೋ ಕೈಲಿ ಕತ್ತಿ ಹಿಡಿದ. ನಾಲ್ಕನೇ ಶತಮಾನದ ಮಾತು. ‘ಈ ನೆಲದವರು ಓದೋಕೆ ದೂರ ಹೋಗೋದು ಹೊಸದಲ್ಲ ತಂಗಿ, ಆದ್ರೆ ಅವನು ವಾಪಸ್ ಬಂದ’ ಅಂದ್ರು ಅವರು. ಕೂಸು ಕಂಬದ ಮೇಲೆ ಕೈ ಇಟ್ಕೊಂಡು ಕೇಳ್ತಿದ್ಲು. ಮಧುಕೇಶ್ವರಕ್ಕೆ ಬರೋರು ಅರ್ಧ ದಿನ ಇಟ್ಕೊಂಡು ಬನ್ನಿ, ಅಂಥವರು ಸಿಕ್ಕಿದ್ರೆ ಪೂರ್ತಿ ಕೇಳಿ.

ವಾಪಸ್ ಬರೋವಾಗ ಆಯಿ ಕಾರಿನ ಹಿಂದಿನ ಸೀಟಲ್ಲಿ ಕೂಸಿನ ಪಕ್ಕ. ಅರ್ಧ ದಾರಿಲಿ ಕೇಳಿದ್ಲು, ‘ಆ ಮಾಣಿ ಹೆಸ್ರು ಎಂತ ಹೇಳಿದ್ದೆ?’

‘ಲೀಲ್ಯಾಂಡ್, ಅಮ್ಮಮ್ಮ.’

‘ಅಪ್ಪಂಗೂ ಅದೇ ಅಲ್ದಾ? ಅಪ್ಪ ಬದುಕಿಪ್ಪಕ್ಕರೆ ಅದೇ ಹೆಸ್ರು ಇಡ್ಲಾಗಿತ್ತು.’ ಸ್ವಲ್ಪ ಹೊತ್ತು ಹೊರಗೆ ನೋಡಿದ್ಲು. ‘ಅವನ ಸಮಾಧಿ ಎಲ್ಲಿದ್ದು?’

ಕ್ಯಾಂಪಸ್ಸಿನ ಒಳಗೇ, ಮರಗಳ ನಡುವೆ, ಅಪ್ಪ ಅಮ್ಮ ಮಗ ಮೂವರದ್ದೂ ಒಂದೇ ಕಡೆ ಅಂತ ಕೂಸು ಹೇಳಿದ್ಲು.

‘ಹಂಗಾರೆ ಅಲ್ಲಿಗೆ ಹೋಗಿ ಒಂದು ಹೂ ಇಡು. ನನ್ನ ಲೆಕ್ಕದಲ್ಲಿ.’

ಕೂಸು ನನ್ನ ಕಡೆ ನೋಡಿದ್ಲು. ನಾನು ಮನೆಗೆ ಬಂದ ಮೇಲೆ ಹಿತ್ತಲಿಗೆ ಕರ್ಕೊಂಡು ಹೋಗಿ ಹಿರಿಯಣ್ಣನ ವಿಷಯ ಅವಳಿಗೆ ಹೇಳಿದೆ, ಹೆಸರು ಹೇಳಿದೆ, ಸಂಕ ಇದ್ದ ಜಾಗ ತೋರಿಸಿದೆ. ಈಗ ಅಲ್ಲಿ ಕಾಂಕ್ರೀಟ್ ಸೇತುವೆ ಇದೆ.

ರಾತ್ರಿ ಬಸ್ಸಿಗೆ ಶಿರಸಿಲಿ ಕಾಯ್ತಿದ್ದಾಗ ಮತ್ತೆ ಮಳೆ ಶುರುವಾಯ್ತು. ಅತ್ತಿಗೆ ಕೊಟ್ಟ ಅಪ್ಪೆಮಿಡಿ ಭರಣಿ ನನ್ನ ಬ್ಯಾಗಲ್ಲಿ ಸೋರಿ ಬಟ್ಟೆಯೆಲ್ಲ ಕೆಂಪಾಗಿತ್ತು, ಉಪ್ಪಿನಕಾಯಿ ಒಯ್ಯೋರು ಭರಣಿ ನಂಬಬೇಡಿ, ಪ್ಯಾಕೆಟ್ ಸೀಲ್ ಮಾಡ್ಸಿ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ. ಗದ್ದೆಯವರು ಕೊಟ್ಟ ಒಂದು ಹಿಡಿ ಕಗ್ಗದ ಬೀಜ ಮಾತ್ರ ನಾನೇ ಇಟ್ಕೊಂಡೆ, ಬಿತ್ತನೆ ಬೀಜ ಪರವಾನಗಿ ಇಲ್ಲದೆ ಆ ದೇಶದೊಳಗೆ ಬಿಡಲ್ಲ. ಕೂಸು ಬೆಂಚಲ್ಲಿ ಕೂತು ಮಾಸ್ತರರ ಪೆನ್ನಲ್ಲಿ ತನ್ನ ಪಟ್ಟಿ ತಿದ್ದುತಿದ್ಲು, ನಾನು ಬಗ್ಗಿ ನೋಡಿದೆ. ಸ್ವೆಟರ್, ಪ್ಲಗ್ ಅಡಾಪ್ಟರ್, ಮಾರ್ಕ್ಸ್ ಕಾರ್ಡ್ ಎರಡು ಸೆಟ್, ಮಿಡಿ ಅರ್ಧ ಕೆಜಿ. ಅದರ ಕೆಳಗೆ ಹೊಸದಾಗಿ ಬರೆದಿದ್ಲು: ಹೂ, ಎರಡು.